ಮಗು ಹೋದ ಮೇಲೆ ಹೆಂಡತಿ ಮಾತು ಬಿಟ್ಟಿದ್ದಾಳೆ. ಕೌನ್ಸೆಲಿಂಗ್ ಕೊಡಿಸಲೋ, ತವರಿಗೆ ಕಳಿಸಲೋ?

ಏಳು ತಿಂಗಳಿಗೆ ಹೊಟ್ಟೆಯಲ್ಲೇ ಕೂಸು ಹೋಯಿತು, ಅವಳಿಗೆ ಕೌನ್ಸೆಲಿಂಗ್ ಕೊಡಿಸಬೇಕೋ ಅಥವಾ ಒಂದೆರಡು ತಿಂಗಳು ತವರಿಗೆ ಕಳಿಸಬೇಕೋ ಅಂತ ಕೇಳಿದ್ದೀರಿ. ನಡುವೆ "ಕೂಸಿನ ಸಾಮಾನೆಲ್ಲ ಮನೆಯಿಂದ ತೆಗೆಸಿದ್ದೇನೆ" ಅಂತ ಒಂದು ಸಾಲು ಬರೆದಿದ್ದೀರಲ್ಲ, ಅದನ್ನು ಓದಿ ನನ್ನ ಕೈಕಾಲು ತಣ್ಣಗಾದವು. ಎಲ್ಲಿವೆ ಅವು? ಯಾರಿಗಾದರೂ ಕೊಟ್ಟಿದ್ದರೆ ಇವತ್ತೇ ಹೋಗಿ ಇಸ್ಕೊಂಡು ಬರ್ರಿ. ಉಳಿದದ್ದು ಆಮೇಲೆ.

2019ರ ಮಾತು. ನಮ್ಮದು ಹಳೇ ಹುಬ್ಬಳ್ಳಿ. ಕುಬಸ (ಸೀಮಂತ) ಮುಗಿದು ಹದಿನೆಂಟನೇ ದಿನ, ಅವಳ ಕೈಯಲ್ಲಿ ಹಸಿರು ಬಳೆ ಇನ್ನೂ ಹಾಗೇ ಇದ್ದವು, ಕೂಸು ಮಿಸುಕಾಡುವುದು ನಿಂತಿತು. ನೋವು ಬರಿಸಿ ಹೆರಿಗೆ ಮಾಡಿಸಿದರು. ಒಂದೂವರೆ ದಿನ ಹಿಡಿಯಿತು. ಗಂಡು ಕೂಸು.

ಅವಳಿನ್ನೂ ಆಸ್ಪತ್ರೆಯಲ್ಲಿದ್ದಳು. ಬಟ್ಟೆ ಒಯ್ಯಲು ಮನೆಗೆ ಬಂದವನಿಗೆ ಖೋಲಿಯಲ್ಲಿ ಕಂಡದ್ದು ತೊಟ್ಟಿಲು, ಎರಡು ಕುಂಚಿಗೆ (ಕೂಸಿನ ಟೊಪ್ಪಿಗೆ), ಮತ್ತೆ ಅವಳ ಅಜ್ಜಿ ರೋಣದಿಂದ ಹೊಲಿದು ಕಳಿಸಿದ್ದ ಎರಡು ಮೊಳದ ಕೌದಿ. ನಡುವೆ ಹಳೇ ಇಳಕಲ್ ಸೀರೆಯ ಕೆಂಪು ಸೆರಗು, ಸುತ್ತ ಬಣ್ಣಬಣ್ಣದ ತುಂಡು, ಬಿಳಿ ದಾರ. ಅಜ್ಜಿಗೆ ಕಣ್ಣು ಮಂಜು, ಒಂದು ಮೂಲೆಯಲ್ಲಿ ಹೊಲಿಗೆ ಸೊಟ್ಟ ಹೋಗಿ ಮತ್ತೆ ಸಾಲಿಗೆ ಬಂದಿತ್ತು. ನಾನು ವೈನಿಗೆ (ಅಣ್ಣನ ಹೆಂಡತಿಗೆ) "ಅಕಿ ಬರೂದ್ರಾಗ ಇವನ್ನೆಲ್ಲಾ ತಗದು ಹಾಕ್ರಿ ವೈನಿ, ಕಣ್ಣಿಗೆ ಬೀಳಬಾರದು" ಅಂದೆ. ಓಣಿಗೆ ಹಳೇ ಬಟ್ಟೆಗೆ ಪಾತ್ರೆ ಕೊಡುವಾಕೆ ಬಂದಿದ್ದಳಂತೆ. ತೊಟ್ಟಿಲು ಅಟ್ಟಕ್ಕೆ ಹೋಯಿತು, ಬಟ್ಟೆಯ ಗಂಟು ಅವಳಿಗೆ. ಬದಲಿಗೆ ಒಂದು ಸ್ಟೀಲ್ ಡಬ್ಬಿ ಬಂತು. ವೈನಿಯದು ತಪ್ಪಿಲ್ಲ. ಹೇಳಿದವನು ನಾನು.

ಈ ತಪ್ಪನ್ನು ಬಿಡಿಸಿಯೇ ಹೇಳಬೇಕು, ಯಾಕಂದರೆ ಮಾಡುವಾಗ ಅದು ತಪ್ಪು ಅನ್ನಿಸುವುದಿಲ್ಲ, ಪ್ರೀತಿ ಅನ್ನಿಸುತ್ತದೆ. ಕಣ್ಣಿಗೆ ಕಾಣದಿದ್ದರೆ ನೆನಪಾಗುವುದಿಲ್ಲ ಅಂತ ನನ್ನ ಲೆಕ್ಕ. ಆದರೆ ಮೂರನೇ ದಿನಕ್ಕೆ ಅವಳಿಗೆ ಎದೆಹಾಲು ಬಂತು. ಕೂಸು ಉಳಿಯದಿದ್ದರೂ ಹಾಲು ಬರುತ್ತದೆ ಅಂತ ನಮಗೆ ಗೊತ್ತಿರಲಿಲ್ಲ, ಯಾರೂ ಹೇಳಿರಲಿಲ್ಲ. (ಡಾಕ್ಟರನ್ನು ಮೊದಲೇ ಕೇಳಬೇಕಾದ ಮಾತು ಅದು, ಕಡಿಮೆ ಮಾಡಲು ಮಾತ್ರೆ ಇರುತ್ತದೆ.) ಜಂಪರ್ ತೊಯ್ಸಿಕೊಂಡು ಮನೆಗೆ ಬಂದವಳು ಟ್ರಂಕು ತೆಗೆದಳು, ಕಪಾಟು ತೆಗೆದಳು, ಮಂಚದ ಕೆಳಗೆ ಬಗ್ಗಿ ನೋಡಿದಳು. ಏನು ಹುಡುಕುತ್ತಿದ್ದಾಳೆ ಅಂತ ನನಗೆ ಗೊತ್ತಿತ್ತು. ಸುಮ್ಮನಿದ್ದೆ.

ನಾಲ್ಕು ದಿನದ ಮೇಲೆ ಅಡುಗೆಮನೆಯಲ್ಲಿ ಆ ಡಬ್ಬಿ ಹಿಡಿದು "ಇದೆಲ್ಲಿಂದ ಬಂತು?" ಅಂದಳು. ವೈನಿ ಇದ್ದದ್ದು ಇದ್ದಂಗೆ ಹೇಳಿದರು. ಅವಳು ಅದರಲ್ಲಿದ್ದ ಶೇಂಗಾ ಬೇರೆಯದಕ್ಕೆ ಸುರುವಿ, ತೊಳೆದು, ಒರೆಸಿ, ತಂದು ನನ್ನ ಮುಂದೆ ಇಟ್ಟಳು. "ತಗೋರಿ, ನಿಮ್ಮ ಮಗ."

ಮೂರು ರವಿವಾರ ದುರ್ಗದಬೈಲಿನ ಸುತ್ತ ಪಾತ್ರೆ ಮಾರುವವರ ಗಂಟು ಬಿಚ್ಚಿಸಿದೆ. ಸಿಗಲಿಲ್ಲ. ಆಮೇಲೆ ನೀವು ಅಂದುಕೊಂಡಂತೆ ನಾನೂ ಅವಳನ್ನು ತವರಿಗೆ ಕಳಿಸಿದೆ. ಅಲ್ಲಿ ಬಂದವರೆಲ್ಲ "ಇನ್ನೂ ವಯಸ್ಸೈತಿ, ದೇವರು ಮತ್ತ ಕೊಡ್ತಾನ" ಅಂದರು. ಅವಳು ಕಲಿಸುತ್ತಿದ್ದ ಖಾಸಗಿ ಶಾಲೆಯವರು "ಕೂಸ ಇಲ್ಲ, ಹೆರಿಗಿ ರಜಾ ಯಾತಕ್ಕ?" ಅಂದರು. ಜಗಳಕ್ಕೆ ಅಂತ ಒಬ್ಬ ವಕೀಲರ ಹತ್ತಿರ ಹೋದಾಗ ಅವರು 1961ರ ಹೆರಿಗೆ ಸೌಲಭ್ಯ ಕಾಯ್ದೆ ತೆಗೆದು ತೋರಿಸಿದರು: 'ಮಗು' ಎಂಬ ಪದದಲ್ಲಿ ಸತ್ತು ಹುಟ್ಟಿದ ಮಗುವೂ ಸೇರುತ್ತದೆ ಅಂತ ಅದರಲ್ಲೇ ಬರೆದಿತ್ತು. ರಜೆಯ ವಿಷಯ ಅಲ್ಲೇ ಮರೆತು ಹೋಯಿತು ನನಗೆ. ಸರಕಾರದ ಕಾಗದ ನನ್ನ ಮಗನನ್ನು ಮಗ ಅಂದಿತ್ತು, ನಾನು ಅಂದಿರಲಿಲ್ಲ.

ಹನ್ನೊಂದು ತಿಂಗಳ ಮೇಲೆ ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸಿಗೆ ಕರೆದುಕೊಂಡು ಹೋದೆ. ನಮ್ಮ ಕಡೆ ಆ ಹೆಸರು ತೆಗೆದರೆ ಜನ ನಗುತ್ತಾರೆ, ಅದಕ್ಕೇ ಮನೆಯಲ್ಲಿ ಲಗ್ನಕ್ಕೆ ಅಂತ ಸುಳ್ಳು ಹೇಳಿ ಚಿಗರಿ ಬಸ್ಸು ಹತ್ತಿದ್ದು. "ಇಕಿಗೆ ತೋರಸಬೇಕಿತ್ತು" ಅಂದೆ. ಕೌನ್ಸೆಲರ್ ಮೇಡಂ ಇಬ್ಬರನ್ನೂ ಕೂಡಿಸಿಕೊಂಡು ಮೊದಲು ನನ್ನನ್ನೇ ಕೇಳಿದರು: "ಹೊಟ್ಟ್ಯಾಗಿದ್ದಾಗ ಕೂಸಿಗೆ ಏನಂತ ಕರೀತಿದ್ರಿ?" ಗುಂಡ್ಯಾ ಅಂತಿದ್ದೆ. ಅಷ್ಟು ಹೇಳಿದೆ, ಮುಂದೆ ಆಗಲಿಲ್ಲ. ನನ್ನ ಹೆಂಡತಿ ತಿರುಗಿ ನನ್ನ ಮುಖ ನೋಡಿದಳು. ಆ ಹನ್ನೊಂದು ತಿಂಗಳಲ್ಲಿ "ಊಟಕ್ಕ ಬರ್ರಿ" ಬಿಟ್ಟು ಬೇರೆ ಮಾತಿರಲಿಲ್ಲ. ಅವತ್ತು ಬಸ್ಸಿನಲ್ಲಿ ನವನಗರ ದಾಟುವಾಗ "ನೀವು ಅತ್ತೀರಿ ಅಂತ ನಂಗ ಗೊತ್ತ ಇರಲಿಲ್ಲ" ಅಂದಳು.

ಅದಕ್ಕೇ ಹೇಳುತ್ತೇನೆ, ನಿಮ್ಮ ಪ್ರಶ್ನೆಯೇ ಸರಿಯಿಲ್ಲ. 'ಅವಳಿಗೆ' ಕೊಡಿಸುವುದೇನು, ಗಾಡಿ ರಿಪೇರಿಗೆ ಬಿಟ್ಟಂಗೆ? ಇಬ್ಬರೂ ಹೋಗಿ ಕೂತುಕೊಳ್ಳಿ. ಬದುಕುವುದೇ ಬೇಡ ಅನ್ನುವಂಥ ಮಾತು ಅವಳ ಬಾಯಿಂದ ಬಂದಿದ್ದರೆ ನಾಳೆ ಅನ್ನಬೇಡಿ, ಇವತ್ತೇ ಹೋಗಿ. ದವಾಖಾನೆಗೆ ಹೋಗಲು ಹಿಂಜರಿಕೆ ಇದ್ದರೆ ಸರಕಾರದ ಸಹಾಯವಾಣಿ ಟೆಲಿ ಮಾನಸ್ ಇದೆ, 14416, ರಾತ್ರಿ ಎರಡಕ್ಕೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. 2022ರಲ್ಲಿ ಶುರುವಾಯಿತು, ನಮ್ಮ ಕಾಲಕ್ಕೆ ಇರಲಿಲ್ಲ.

'ಇನ್ನೊಂದು ಆದರೆ ಸರಿಹೋಗುತ್ತಾಳೆ' ಅನ್ನುವವರ ಮಾತಂತೂ ಕಿವಿಗೆ ಹಾಕಿಕೊಳ್ಳಬೇಡಿ. ನಮಗೆ ಆಮೇಲೆ ಮಗಳಾದಳು. ಬಾಣಂತಿ ಮೊದಲ ವಾರ ಅಳುವುದು ಸಹಜ, ಎರಡು ವಾರದೊಳಗೆ ತಿಳಿಯಾಗಬೇಕು. ಇವಳದು ಮೂರನೇ ವಾರ ಜಾಸ್ತಿಯಾಯಿತು. ಈ ಸಲ ಹನ್ನೊಂದು ತಿಂಗಳು ಕಾಯಲಿಲ್ಲ. ಡಾಕ್ಟರು ಹಿಂದಿನ ಏಳು ದಿನ ಹೇಗಿತ್ತು ಅಂತ ಕೇಳುವ ಹತ್ತು ಪ್ರಶ್ನೆಯ ಹಾಳೆ ತುಂಬಿಸಿ, ಹಾಲು ಕುಡಿಸುವವಳು ಅಂತ ನೋಡಿಯೇ ಮಾತ್ರೆ ಬರೆದುಕೊಟ್ಟರು. ಹಾಲು ಬಿಡಿಸಲಿಲ್ಲ.

ತವರಿಗೆ ಕಳಿಸುವುದಾದರೆ ನೀವೂ ಜೊತೆಗೆ ಹೋಗಿ. ರಜೆ ಸಿಗೂದಿಲ್ಲ ಅಂತೀರಿ, ನಾನೂ ಹಂಗೇ ಅಂದಿದ್ದೆ. ಆದರೆ ಅದಕ್ಕೂ ಮೊದಲು ಆ ಸಾಮಾನು. ಒಂದು ಕುಂಚಿಗೆ ಸಿಕ್ಕರೂ ತಂದು ಅವಳ ಕೈಯಲ್ಲಿ ಕೊಡಿ, ಇಡುವುದೋ ಬಿಡುವುದೋ ಅವಳು ನೋಡಿಕೊಳ್ಳುತ್ತಾಳೆ.