ಪರೀಕ್ಷೆಯ ದಿನ ಕೆಡುವ ಹೊಟ್ಟೆ: ಧಾರವಾಡದ ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಹಾವೇರಿ ಜಿಲ್ಲೆಯ ಹಳ್ಳಿಯೊಂದರಿಂದ ಬಂದು, ಧಾರವಾಡದಲ್ಲಿ ರೂಮು ಮಾಡಿಕೊಂಡು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿದ್ದ ಯುವಕರೊಬ್ಬರನ್ನು ಅವರ ವೈದ್ಯರೇ ನನ್ನ ಬಳಿ ಕಳುಹಿಸಿದ್ದರು. ತಪಾಸಣೆಗಳಲ್ಲಿ ದೋಷವೇನೂ ಕಂಡಿರಲಿಲ್ಲ. ಲಕ್ಷಣಗಳನ್ನು ನೋಡಿ ವೈದ್ಯರು ಇದು ಐಬಿಎಸ್ (ಇರಿಟಬಲ್ ಬವೆಲ್ ಸಿಂಡ್ರೋಮ್, ಅಂದರೆ ತಪಾಸಣೆಯಲ್ಲಿ ದೋಷ ಕಾಣದಿದ್ದರೂ ಹೊಟ್ಟೆನೋವು, ಭೇದಿ ಅಥವಾ ಮಲಬದ್ಧತೆ ಮರುಕಳಿಸುವ ಕರುಳಿನ ತೊಂದರೆ) ಎಂದಿದ್ದರು. "ಪರೀಕ್ಷಾ ಅಂದ್ರ ಸಾಕ್ರಿ ಮೇಡಂ, ಹೊಟ್ಟಿ ತಿರುವಾಕ ಹತ್ತತೈತ್ರಿ. ಉಂಡದ್ದು ಅರ್ಧಾ ತಾಸಿನ್ಯಾಗ ಹೊರಗ ಹೋಗತೈತ್ರಿ" ಎಂದರು. ಉಂಡದ್ದು ಮೈಗೆ ಹತ್ತುತ್ತಿಲ್ಲವೆಂದು ನಂಬಿ, ಖಾನಾವಳಿಯ ಊಟ ಬಿಟ್ಟು ಚಹಾ-ಬಿಸ್ಕಿಟ್‌ನಲ್ಲಿ ದಿನ ದೂಡುತ್ತಿದ್ದರು.

ಇಂಥವರಿಗೆ "ಟೆನ್ಷನ್ ತೊಗೋಬ್ಯಾಡ್ರಿ" ಎನ್ನುವುದರಿಂದ ಪ್ರಯೋಜನ ಕಡಿಮೆ. ಅವರ ಭಯವೆಲ್ಲ ನಿಂತಿದ್ದದ್ದು ಆ ಅರ್ಧ ತಾಸಿನ ಲೆಕ್ಕದ ಮೇಲೆ. ಆದ್ದರಿಂದ ಹಾಳೆಯ ಮೇಲೆ ಅನ್ನನಾಳದಿಂದ ಗುದದ್ವಾರದವರೆಗೆ ಗೆರೆ ಎಳೆದು, ಒಂದೊಂದು ಭಾಗದ ಪಕ್ಕದಲ್ಲಿ ಅಲ್ಲಿ ಹಿಡಿಯುವ ಸಮಯವನ್ನು ಬರೆದೆ. ಊಟ ಜಠರದಲ್ಲಿ ಅರೆದು ಖಾಲಿಯಾಗಲು ಸಾಮಾನ್ಯವಾಗಿ 2ರಿಂದ 4 ತಾಸು ಬೇಕು. ಆಮೇಲೆ ಸುಮಾರು 6 ಮೀಟರ್ ಉದ್ದದ ಸಣ್ಣಕರುಳಿನಲ್ಲಿ ಪಿತ್ತರಸವೂ ಮೇದೋಜೀರಕ ಗ್ರಂಥಿಯ ರಸವೂ ಬೆರೆತು, ಸತ್ವದ ಬಹುಪಾಲು ಅಲ್ಲಿಯೇ ರಕ್ತಕ್ಕೆ ಸೇರುತ್ತದೆ. ಉಳಿದದ್ದು ಸುಮಾರು ಒಂದೂವರೆ ಮೀಟರಿನ ದೊಡ್ಡಕರುಳಿನಲ್ಲಿ ನೀರು ಬಿಟ್ಟುಕೊಡುತ್ತ ಒಂದು ದಿನವೋ ಅದಕ್ಕೂ ಹೆಚ್ಚೋ ಇರುತ್ತದೆ. ಅವರು ದೊಡ್ಡಕರುಳಿನ ಮೇಲೆ ಬೆರಳಿಟ್ಟು, "ಹಂಗಾದ್ರ ಹೋಗೂದು ನಿನ್ನಿದೇನ್ರಿ?" ಎಂದು ಕೇಳಿದರು. ಹೌದು. ಜಠರ ಹಿಗ್ಗಿದೊಡನೆ ದೊಡ್ಡಕರುಳು ಚುರುಕಾಗುವುದು ಎಲ್ಲರಲ್ಲಿಯೂ ಇರುವ ಕ್ರಮ. ಐಬಿಎಸ್ ಇದ್ದವರಲ್ಲಿ ಅದು ಜೋರಾಗಿರಬಹುದು. ಕರುಳಿನ ಗೋಡೆಯಲ್ಲಿ ತನ್ನದೇ ನರಜಾಲವಿದ್ದು, ಅದು ಮಿದುಳಿನೊಂದಿಗೆ ಸದಾ ಸಂಪರ್ಕದಲ್ಲಿರುವುದರಿಂದ, ಭಯವಾದಾಗ ಜಠರ ನಿಧಾನವಾಗಿ ದೊಡ್ಡಕರುಳು ಅವಸರಿಸುತ್ತದೆ. ನೋವು ಕಲ್ಪನೆಯದಲ್ಲ ಎಂಬುದನ್ನೂ ಒತ್ತಿ ಹೇಳಿದೆ.

ಸಲಹೆಯೂ ಇದೇ ತಿಳಿವಳಿಕೆಯಿಂದ ಹೊರಟಿತು. ಪರೀಕ್ಷೆಯ ದಿನ ಉಪವಾಸ ಹೋಗದೆ, ಹೊರಡುವುದಕ್ಕೆ ಎರಡು ತಾಸು ಮೊದಲೇ ಹಗುರವಾಗಿ ತಿಂದು, ಶೌಚಕ್ಕೆ ಅವಸರವಿಲ್ಲದ ಸಮಯ ಇಟ್ಟುಕೊಳ್ಳಬೇಕು. ಉಳಿದ ದಿನಗಳಲ್ಲಿ ಹೊತ್ತಿಗೆ ಸರಿಯಾಗಿ ಊಟ ಮಾಡಿ, ಚಹಾ ಮತ್ತು ಸಂಜೆಯ ಮಿರ್ಚಿ ಭಜಿ ಕಡಿಮೆ ಮಾಡಬೇಕು. ಯಾವ ಆಹಾರವನ್ನೂ ಊಹೆಯಿಂದ ಪೂರ್ತಿ ಬಿಡದೆ, ತಿಂದದ್ದನ್ನೂ ಹೊಟ್ಟೆಯ ಸ್ಥಿತಿಯನ್ನೂ ಬರೆದಿಟ್ಟು ವೈದ್ಯರಿಗೆ ತೋರಿಸಬೇಕು. ಹೊಟ್ಟೆ ಏರಿಳಿಯುವಂತೆ ನಿಧಾನವಾಗಿ ಉಸಿರಾಡುವುದನ್ನು ಮಾದರಿ ಪರೀಕ್ಷೆಗಳಲ್ಲಿಯೇ ರೂಢಿಸಿಕೊಳ್ಳಲು ತಿಳಿಸಿದೆ. ಮಲದಲ್ಲಿ ರಕ್ತ, ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು ಅಥವಾ ನಿದ್ದೆಯಿಂದ ಎಬ್ಬಿಸುವ ಭೇದಿ ಕಂಡರೆ ನನ್ನ ಮುಂದಿನ ಭೇಟಿಗೆ ಕಾಯದೆ ನೇರವಾಗಿ ವೈದ್ಯರ ಬಳಿ ಹೋಗಬೇಕೆಂದು ಆ ಹಾಳೆಯ ಕೆಳಗೆ ಬರೆದುಕೊಟ್ಟೆ.