ಕೊಲಂಬಿಯಾದ ಹುಡುಗಿ, ಬೆಂಗಳೂರಿನ ಏಜೆಂಟ್

ಈ ಸಲ ಸ್ಟೂಡೆಂಟ್ ವೀಸಾ ಬಗ್ಗೆ ಬರೆಯಬೇಕು ಅಂತಿದ್ದೆ. ಆದರೆ ಬಂದ ಪತ್ರಗಳಲ್ಲಿ ಅದೇ ಪ್ರಶ್ನೆ ಮತ್ತೆ ಮತ್ತೆ: ಸಂಗಾತಿ ಕೊಲಂಬಿಯಾದವರು, ನಾವಿಲ್ಲಿ, ಹೋಗಿ ನೋಡುವುದು ಹೇಗೆ? ಆಶ್ಚರ್ಯವೇನಿಲ್ಲ. ಎಷ್ಟೋ ಕಂಪನಿಗಳ ಟೀಮ್ ಅರ್ಧ ಇಲ್ಲಿ, ಅರ್ಧ ಬೊಗೊಟಾ ಅಥವಾ ಮೆಡೆಲಿನ್‌ನಲ್ಲಿ. ಅವರಿಗೆ ಬೆಳಗ್ಗೆ 8 ಗಂಟೆ ಆದಾಗ ನಮಗೆ ಸಂಜೆ 6.30. ಮೀಟಿಂಗ್ ಮುಗಿದರೂ ಮಾತು ಮುಗಿಯುವುದಿಲ್ಲ. ಸಂತೋಷ. ನನಗೆ ಸಿಟ್ಟು ಬರುವುದು ಪ್ರೀತಿಯ ಮೇಲಲ್ಲ, ಅದರ ಹೆಸರಲ್ಲಿ ನಿಮಗೆ ಸುಳ್ಳು ಹೇಳಿಸುವವರ ಮೇಲೆ. ಪಾಸ್‌ಪೋರ್ಟ್ ಮಾಡಿಸುವುದು ಹೇಗೆ, ಫೋಟೋ ಸೈಜ್ ಎಷ್ಟು ಅಂತ ಕೇಳಿದವರಿಗೆ ಇಲ್ಲಿ ಉತ್ತರ ಇಲ್ಲ, ಕ್ಷಮಿಸಿ.

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಹುಡುಗಿ ಮೆಡೆಲಿನ್‌ನವಳು, ಎರಡು ವರ್ಷದ ಪರಿಚಯ, ಒಮ್ಮೆ ದುಬೈನಲ್ಲಿ ಭೇಟಿಯಾಗಿದ್ದೇವೆ. ಡಿಸೆಂಬರ್‌ನಲ್ಲಿ ಅವಳ ಮನೆಗೆ ಹೋಗಬೇಕು. ಏಜೆಂಟ್ ಹೇಳುತ್ತಾರೆ, ಅವಳ ಹೆಸರೇ ಎತ್ತಬೇಡಿ, ಗರ್ಲ್‌ಫ್ರೆಂಡ್ ಅಂದರೆ ವೀಸಾ ಕೊಡಲ್ಲ, ಹೋಟೆಲ್ ಬುಕಿಂಗ್ ತೋರಿಸಿ ಆಮೇಲೆ ಕ್ಯಾನ್ಸಲ್ ಮಾಡೋಣ ಅಂತ. ನಿಜವಾ?

ನಿಜ ಅಲ್ಲ. ಆ ಏಜೆಂಟ್‌ನ ಮೊದಲು ಬಿಡಿ.

ಗರ್ಲ್‌ಫ್ರೆಂಡ್ ಮನೆಯಲ್ಲಿ ಇಳಿದುಕೊಂಡು ಊರು ಸುತ್ತುವವನೂ ಪ್ರವಾಸಿಯೇ. ಯಾರನ್ನೋ ಪ್ರೀತಿಸುತ್ತೀರಿ ಅಂತ ವೀಸಾ ನಿರಾಕರಿಸುವುದಿಲ್ಲ. ನೀವು ಹೇಳಿದ್ದು ಒಂದು, ಕಾಗದ ಹೇಳುವುದು ಇನ್ನೊಂದು ಆದಾಗ ನಿರಾಕರಿಸುತ್ತಾರೆ. ವಾಪಸ್ ಹೋಗುತ್ತೀರಿ ಅಂತ ನಂಬಿಕೆ ಬರದಿದ್ದಾಗ, ಖರ್ಚಿಗೆ ದುಡ್ಡು ಎಲ್ಲಿಂದ ಅಂತ ಗೊತ್ತಾಗದಿದ್ದಾಗ ನಿರಾಕರಿಸುತ್ತಾರೆ. ಏಜೆಂಟ್‌ಗಳು ಹುಡುಗಿಯನ್ನು ಮುಚ್ಚಿಡಿ ಅನ್ನುವುದಕ್ಕೆ ಕಾರಣ ಕಾನೂನಲ್ಲ, ಸೋಮಾರಿತನ. ಅವರ ಹತ್ತಿರ ಇರುವುದು ಒಂದೇ ಕಥೆ, ಎಲ್ಲರಿಗೂ ಅದನ್ನೇ ಅಂಟಿಸುತ್ತಾರೆ. ಒಬ್ಬ ಹುಡುಗ ನನಗೆ ತೋರಿಸಿದ ಕವರ್ ಲೆಟರ್‌ನಲ್ಲಿ ‘ನಾನು ಮತ್ತು ನನ್ನ ಪತ್ನಿ’ ಅಂತಿತ್ತು. ಅವನಿಗೆ ಮದುವೆಯೇ ಆಗಿರಲಿಲ್ಲ. ಹಿಂದಿನ ಗಿರಾಕಿಯ ಪತ್ರ, ಹೆಸರು ಮಾತ್ರ ಹೊಸದು. ಅದಕ್ಕೆ ಫೀಸು ಬೇರೆ ಕೊಟ್ಟಿದ್ದ!

ಆ ಸುಳ್ಳು ಎಲ್ಲಿ ಕೈಕೊಡುತ್ತದೆ ನೋಡಿ. ಒಂದು ದಿನಕ್ಕಿಂತ ಜಾಸ್ತಿ ಪ್ರಯಾಣ ಮಾಡಿ, ಸರಿಯಾಗಿ ನಿದ್ದೆಯಿಲ್ಲದೆ ರಿಯೊನೆಗ್ರೊದಲ್ಲಿ ಇಳಿಯುತ್ತೀರಿ (ಮೆಡೆಲಿನ್‌ನ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಇರುವುದು ಆ ಊರಲ್ಲಿ, ಮೆಡೆಲಿನ್ ಒಳಗಲ್ಲ). ಕೌಂಟರ್‌ನಲ್ಲಿ ಕೂತ ವಲಸೆ ಅಧಿಕಾರಿ ಕೇಳುತ್ತಾರೆ: ಎಲ್ಲಿ ಇರ್ತೀರಿ, ಎಷ್ಟು ದಿನ, ಇಲ್ಲಿ ಯಾರಾದರೂ ಗೊತ್ತಾ? ನೀವು ಹೋಟೆಲ್ ಹೆಸರು ಹೇಳುತ್ತೀರಿ. ಆ ಬುಕಿಂಗ್ ಕ್ಯಾನ್ಸಲ್ ಆಗಿ ವಾರವಾಗಿದೆ. ಹೊರಗೆ ಹುಡುಗಿ, ಅವಳ ಅಮ್ಮ ಕಾಯುತ್ತಿದ್ದಾರೆ, ಫೋನ್ ಮೇಲೆ ಮೆಸೇಜ್ ಬರುತ್ತಲೇ ಇದೆ. ಆಗ ನಿಮ್ಮ ಮುಖ ಹೇಗಿರುತ್ತದೆ ಅಂತ ನಾನು ಹೇಳಬೇಕಾಗಿಲ್ಲ. ವೀಸಾ ಇದ್ದರೂ ಒಳಗೆ ಬಿಡುವುದು ಬಿಡದೇ ಇರುವುದು ಅವರ ಕೈಯಲ್ಲಿದೆ. ಬಿಡದಿದ್ದರೆ ಸಿಕ್ಕ ವಿಮಾನದಲ್ಲಿ ವಾಪಸ್.

ಬದಲಿಗೆ ಹೀಗೆ ಮಾಡಿ. ಹುಡುಗಿಯಿಂದ ಸ್ಪ್ಯಾನಿಷ್‌ನಲ್ಲೇ ಒಂದು ಆಹ್ವಾನ ಪತ್ರ ಬರೆಸಿ. ಒಂದು ಪುಟ ಸಾಕು. ಅವಳ ಹೆಸರು, ಸೆದುಲಾ ನಂಬರ್ (ಅವರ ಗುರುತಿನ ಚೀಟಿ), ವಿಳಾಸ, ನೀವು ಹೇಗೆ ಪರಿಚಯ, ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ ಇರುತ್ತೀರಿ, ಯಾವ ಖರ್ಚು ಯಾರದ್ದು. ಜೊತೆಗೆ ಸೆದುಲಾ ಪ್ರತಿ. ‘ಎಲ್ಲ ಖರ್ಚು ನನ್ನದೇ’ ಅಂತ ಅವಳಿಂದ ಬರೆಸಲು ಹೋಗಬೇಡಿ, ಅದು ನಿಜವಲ್ಲದಿದ್ದರೆ ಅದೂ ಸುಳ್ಳೇ. ನಿಮ್ಮ ಕಡೆಯಿಂದ 6 ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಕಂಪನಿಯ ರಜೆ ಪತ್ರ, ವಾಪಸ್ ಟಿಕೆಟ್. ರಜೆ ಪತ್ರದ ತಾರೀಕು, ಟಿಕೆಟ್ ತಾರೀಕು, ಅವಳ ಪತ್ರದ ತಾರೀಕು, ಮೂರೂ ಒಂದೇ ಇರಲಿ. ನಗಬೇಡಿ, ಇದರಲ್ಲೇ ಜಾಸ್ತಿ ಜನ ಬೀಳುತ್ತಾರೆ. ಅರ್ಜಿಗೆ ಎರಡು ದಿನ ಮುಂಚೆ ಅಪ್ಪನ ಅಕೌಂಟಿನಿಂದ ಐದು ಲಕ್ಷ ಹಾಕಿಸಿಕೊಳ್ಳುವ ಚಾಳಿಯನ್ನೂ ಬಿಡಿ. ಸ್ಟೇಟ್‌ಮೆಂಟ್ ಓದುವವರು ಅಷ್ಟು ದಡ್ಡರಲ್ಲ.

ಇನ್ನು ನಿಮಗೆ ವೀಸಾ ಬೇಕೇ ಬೇಕಾ ಅಂತ ಏಜೆಂಟ್ ಹೇಳಿದಂತಿಲ್ಲ, ಹೇಳಿದರೆ ಅವರಿಗೆ ಫೀಸು ಸಿಗಲ್ಲ ಅಲ್ವಾ. ಸಾಮಾನ್ಯವಾಗಿ ಭಾರತದ ಪಾಸ್‌ಪೋರ್ಟ್‌ಗೆ ಕೊಲಂಬಿಯಾ ವೀಸಾ ಬೇಕು. ಆದರೆ ನಿಮ್ಮ ಹತ್ತಿರ ಅಮೆರಿಕದ ಅಥವಾ ಷೆಂಗೆನ್ (ಯುರೋಪಿನ ಹಲವು ದೇಶಗಳಿಗೆ ಸೇರಿ ಒಂದೇ) ವೀಸಾ ಇದ್ದು, ಕೊಲಂಬಿಯಾದಲ್ಲಿ ಇಳಿಯುವ ದಿನ ಅದಕ್ಕೆ ಕನಿಷ್ಠ 180 ದಿನ ಬಾಕಿ ಇದ್ದರೆ, 90 ದಿನದವರೆಗೆ ವೀಸಾ ಇಲ್ಲದೆ ಹೋಗಬಹುದು. ಆ ದೇಶಗಳ ರೆಸಿಡೆನ್ಸ್ ಪರ್ಮಿಟ್ ಇರುವವರಿಗೂ ಇದು ಅನ್ವಯ. ಅಮೆರಿಕದ ಸಿ-1 ಟ್ರಾನ್ಸಿಟ್ ವೀಸಾ ನಡೆಯಲ್ಲ. ಆಫೀಸಿನಿಂದ ಅಮೆರಿಕದ ಬಿ-1 (ಬಿಸಿನೆಸ್) ವೀಸಾ ಸಿಕ್ಕವರು ಬೆಂಗಳೂರಿನಲ್ಲಿ ಎಷ್ಟು ಜನ ಇದ್ದೀರಿ! ಡ್ರಾಯರ್‌ನಲ್ಲಿರುವ ಹಳೇ ಪಾಸ್‌ಪೋರ್ಟನ್ನೂ ಒಮ್ಮೆ ತೆಗೆದು ನೋಡಿ. ನಿಯಮ ಬದಲಾಗುತ್ತಿರುತ್ತದೆ, ಹಾಗಾಗಿ ಟಿಕೆಟ್ ತೆಗೆಯುವ ಮುನ್ನ ಕೊಲಂಬಿಯಾದ ವಿದೇಶಾಂಗ ಸಚಿವಾಲಯದ ಸೈಟ್ ನೋಡಿ, ಯೂಟ್ಯೂಬ್ ಅಣ್ಣಂದಿರನ್ನಲ್ಲ.

180 ದಿನ ಬಾಕಿ ಇಲ್ಲವಾ? ಹಾಗಾದರೆ ಅದೇ ಸೈಟ್‌ನಲ್ಲಿ ನೀವೇ ಆನ್‌ಲೈನ್ ಅರ್ಜಿ ಹಾಕಿ. ಶುಲ್ಕ ಎರಡು ಹಂತ: ಅರ್ಜಿ ನೋಡುವುದಕ್ಕೆ ಒಂದು, ವೀಸಾ ಕೊಟ್ಟರೆ ಇನ್ನೊಂದು. ತಿರಸ್ಕಾರವಾದರೆ ಮೊದಲನೆಯದು ವಾಪಸ್ ಬರುವುದಿಲ್ಲ, ಮತ್ತೆ ಅರ್ಜಿ ಹಾಕಲು 6 ತಿಂಗಳು ಕಾಯಬೇಕು. ನಿಮ್ಮ ಡಿಸೆಂಬರ್ ಹೋಯಿತು ಅಂತಲೇ ಲೆಕ್ಕ. ಮುಂದೆ ಯಾವ ದೇಶಕ್ಕೆ ಅರ್ಜಿ ಹಾಕಿದರೂ ‘ಹಿಂದೆ ವೀಸಾ ನಿರಾಕರಣೆ ಆಗಿದೆಯಾ’ ಅಂತ ಕೇಳಬಹುದು, ಆಗ ಒಂದು ಸುಳ್ಳಿಗೆ ಇನ್ನೊಂದು ಸುಳ್ಳು ಸೇರುತ್ತದೆ. ಅಮೆರಿಕದವರಂತೂ ವೀಸಾಕ್ಕಾಗಿ ಬೇಕಂತಲೇ ಸುಳ್ಳು ಹೇಳಿದ್ದು ಗೊತ್ತಾದರೆ ಜೀವನಪೂರ್ತಿ ಬಾಗಿಲು ಮುಚ್ಚಬಹುದು.

ವಿಮಾನದ ವಿಷಯ. ಭಾರತದಿಂದ ಕೊಲಂಬಿಯಾಕ್ಕೆ ನೇರ ವಿಮಾನ ಇಲ್ಲ. ಬೆಂಗಳೂರು–ದುಬೈ–ಬೊಗೊಟಾ ಅಂತ ಎಮಿರೇಟ್ಸ್ ಟಿಕೆಟ್ ಕಾಣಿಸುತ್ತದೆ, ಒಂದೇ ಕಂಪನಿ, ಸಲೀಸು ಅಂತ ಬುಕ್ ಮಾಡಿಬಿಡುತ್ತೀರಿ. ಅದು 2024ರಲ್ಲಿ ಶುರುವಾದ ದಾರಿ, ಮಧ್ಯೆ ಮಯಾಮಿಯಲ್ಲಿ ನಿಲ್ಲುತ್ತದೆ. ಅಮೆರಿಕದಲ್ಲಿ ‘ಸುಮ್ನೆ ಟ್ರಾನ್ಸಿಟ್’ ಅನ್ನುವುದೇ ಇಲ್ಲ. ಇಳಿದು ಇಮಿಗ್ರೇಷನ್ ದಾಟಲೇಬೇಕು, ಅದಕ್ಕೆ ಅಮೆರಿಕದ ವೀಸಾ ಬೇಕೇ ಬೇಕು. ಇಲ್ಲದಿದ್ದರೆ ದೇವನಹಳ್ಳಿಯ ಚೆಕ್-ಇನ್ ಕೌಂಟರ್‌ನಲ್ಲೇ ಪ್ರಯಾಣ ಮುಗಿಯಿತು. ಯುರೋಪ್ ಮೂಲಕ ಹೋದರೆ ಫ್ರಾಂಕ್‌ಫರ್ಟ್, ಪ್ಯಾರಿಸ್, ಆಮ್‌ಸ್ಟರ್‌ಡ್ಯಾಮ್, ಮ್ಯಾಡ್ರಿಡ್‌ನಿಂದ ಬೊಗೊಟಾಗೆ ನೇರ ವಿಮಾನ ಇದೆ. ಆದರೆ ಏರ್‌ಪೋರ್ಟ್ ಟ್ರಾನ್ಸಿಟ್ ವೀಸಾ ಒಂದು ದೇಶ ಕೇಳುತ್ತದೆ, ಇನ್ನೊಂದು ಕೇಳಲ್ಲ. ನಿಮ್ಮ ದಾರಿಗೆ ಯಾವುದು ಅಂತ ಮೊದಲೇ ನೋಡಿ, ಇಡೀ ಪ್ರಯಾಣವನ್ನು ಒಂದೇ ಟಿಕೆಟ್‌ನಲ್ಲಿ ತೆಗೆಯಿರಿ. ಎರಡು ಬೇರೆ ಟಿಕೆಟ್ ತೆಗೆದರೆ ಮಧ್ಯದಲ್ಲಿ ಲಗೇಜ್ ತೆಗೆದುಕೊಳ್ಳಲು ಹೊರಗೆ ಬರಬೇಕಾಗುತ್ತದೆ, ಹೊರಗೆ ಬರಲು ವೀಸಾ. ಐದಾರು ಸಾವಿರ ಉಳಿಸಲು ಹೋಗಿ ಒಂದೂವರೆ ಲಕ್ಷ ಕಳೆದುಕೊಳ್ಳುವವರು ಇವರೇ.

ಕೊನೆಗೆ ಚೆಕ್-ಮಿಗ್. ಕೊಲಂಬಿಯಾ ವಲಸೆ ಇಲಾಖೆಯ ಆನ್‌ಲೈನ್ ಫಾರ್ಮ್, ವಿಮಾನ ಹೊರಡುವ 72 ಗಂಟೆ ಮುಂಚಿನಿಂದ ತುಂಬಬಹುದು. ಪೂರ್ತಿ ಉಚಿತ. ದುಡ್ಡು ಕೇಳುವ ಸೈಟ್ ಕಂಡರೆ ಅದು ನಕಲಿ. ಉಳಿಯುವ ವಿಳಾಸ ಅಂತ ಕೇಳಿದ ಕಡೆ ಹುಡುಗಿಯ ಮನೆಯ ವಿಳಾಸವನ್ನೇ ಬರೆಯಿರಿ. ಡಿಸೆಂಬರ್ 7ರೊಳಗೆ ತಲುಪಿದರೆ ಒಳ್ಳೆಯದು, ಆ ರಾತ್ರಿ ಅಲ್ಲಿ ಬೀದಿ ಬೀದಿಯಲ್ಲಿ ಮೇಣದ ಬತ್ತಿ ಹಚ್ಚುತ್ತಾರೆ. ಅವಳ ಮನೆಯವರನ್ನು ಪರಿಚಯ ಮಾಡಿಕೊಳ್ಳಲು ಅದಕ್ಕಿಂತ ಒಳ್ಳೆ ದಿನ ಇಲ್ಲ.

ಪ್ರಶ್ನೆ: ಹೈದರಾಬಾದ್ ಹತ್ತಿರದ ‘ವೀಸಾ ದೇವರು’ ಚಿಲಕೂರು ಬಾಲಾಜಿಗೆ ಹರಕೆ ಹೊತ್ತರೆ ಕೊಲಂಬಿಯಾ ವೀಸಾಕ್ಕೂ ನಡೆಯುತ್ತಾ?

11 ಸುತ್ತು ಹಾಕಿ, ಬೇಡ ಅನ್ನಲ್ಲ. ಬ್ಯಾಂಕ್ ಸ್ಟೇಟ್‌ಮೆಂಟೂ ಹಾಕಿ.

ಪ್ರಶ್ನೆ: ನನ್ನ ಹುಡುಗ ಕೊಲಂಬಿಯಾದ ಕಾಲಿ ಅನ್ನುವ ಊರಿನವನು, ಶಿವಮೊಗ್ಗಕ್ಕೆ ಬರುತ್ತಾನೆ. ಹಳದಿ ಜ್ವರದ ಲಸಿಕೆ ಬೇಕು ಅಂತಾರೆ. ಆರೋಗ್ಯವಾಗಿದ್ದಾನೆ, ಕಾಮಾಲೆ ಇಲ್ಲ. ಆದರೂ ಬೇಕಾ?

ಬೇಕು. ಕಾಮಾಲೆಯೇ ಬೇರೆ, ಹಳದಿ ಜ್ವರವೇ ಬೇರೆ. ಇದು ಸೊಳ್ಳೆಯಿಂದ ಬರುವ ವೈರಸ್. ನೆಲನೆಲ್ಲಿ ರಸ ಕುಡಿಸಿ ಕಳಿಸುತ್ತೇನೆ ಅಂತ ಬರೆದ ಅಮ್ಮನವರಿಗೂ ಇದೇ ಉತ್ತರ. ಇದನ್ನು ಹರಡುವ ಈಡಿಸ್ ಸೊಳ್ಳೆ ನಮ್ಮಲ್ಲಿ ಬೇಕಾದಷ್ಟಿದೆ, ಕಾಯಿಲೆ ಮಾತ್ರ ಇಲ್ಲ. ಅದಕ್ಕೇ ನಮ್ಮವರು ಇಷ್ಟು ಬಿಗಿ. ಹಳದಿ ಜ್ವರ ಇರುವ ದೇಶಗಳು ಅಂತ ಭಾರತ ಮಾಡಿದ ಪಟ್ಟಿಯಲ್ಲಿ ಕೊಲಂಬಿಯಾ ಇದೆ. 2025ರ ಏಪ್ರಿಲ್‌ನಲ್ಲಿ ತೋಲಿಮಾ ಪ್ರಾಂತ್ಯದಲ್ಲಿ ಸಾವುಗಳಾಗಿ ಅಲ್ಲಿನ ಸರ್ಕಾರ ಆರೋಗ್ಯ ತುರ್ತು ಪರಿಸ್ಥಿತಿ ಘೋಷಿಸಿತ್ತು. ಲಸಿಕೆ ಹಾಕಿಸಿ ಕನಿಷ್ಠ 10 ದಿನ ಆಗಿರಬೇಕು, ಕಾರ್ಡ್ ಕೈಯಲ್ಲಿರಬೇಕು. ಇಲ್ಲದಿದ್ದರೆ 6 ದಿನದವರೆಗೆ ಕ್ವಾರಂಟೈನ್. ನೀವು ಹೂ ಹಿಡಿದು ಹೊರಗೆ, ಅವನು ಒಳಗೆ. ಒಮ್ಮೆ ಹಾಕಿಸಿದರೆ ಕಾರ್ಡ್ ಜೀವನಪೂರ್ತಿ ನಡೆಯುತ್ತದೆ.

ನೀವು ಅಲ್ಲಿಗೆ ಹೋಗಿ ಬರುವುದಾದರೂ ಇದೇ ನಿಯಮ. ಇಲ್ಲಿ ಸರ್ಕಾರ ಒಪ್ಪಿದ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ. ಮೊಟ್ಟೆ ಅಲರ್ಜಿ ಇದ್ದರೆ, ಗರ್ಭಿಣಿಯಾಗಿದ್ದರೆ, 60 ದಾಟಿದ್ದರೆ ಮೊದಲು ಡಾಕ್ಟರ್ ಹತ್ತಿರ ಮಾತಾಡಿ. ಚುಚ್ಚದೆಯೇ ಕಾರ್ಡ್ ಮಾಡಿಕೊಡುತ್ತೇವೆ ಅನ್ನುವವರ ನಂಬರ್ ಕಳಿಸಿ ‘ಇದು ಓಕೆನಾ ಮೇಡಂ’ ಅಂತ ಕೇಳಿದ್ದೀರಿ. ಓಕೆ ಅಲ್ಲ.

ಪ್ರಶ್ನೆ: ಅವಳು ಬಂದರೆ ನಮ್ಮ ದೊಡ್ಡಮ್ಮನ ಮನೆಯಲ್ಲೇ ಇರುತ್ತಾಳೆ. ಹೋಟೆಲ್ ಅಲ್ಲವಲ್ಲ, ಪೊಲೀಸರಿಗೆ ಯಾಕೆ ಹೇಳಬೇಕು?

ವಿದೇಶಿಯರು ಯಾರ ಮನೆಯಲ್ಲಿ ಉಳಿದರೂ ಮನೆಯವರು 24 ಗಂಟೆಯೊಳಗೆ ಎಫ್‌ಆರ್‌ಆರ್‌ಒ (ವಿದೇಶಿಯರ ನೋಂದಣಿ ಕಚೇರಿ) ಸೈಟ್‌ನಲ್ಲಿ ತಿಳಿಸಬೇಕು. ಎಲ್ಲರೂ ‘ಸಿ ಫಾರ್ಮ್’ ಅನ್ನುವುದು ಇದನ್ನೇ. ಅವಳ ಪಾಸ್‌ಪೋರ್ಟ್, ವೀಸಾ, ಫೋಟೋ ಹಿಡಿದು ಕೂತರೆ ಒಂದು ಲೋಟ ಕಾಫಿ ಮುಗಿಯುವಷ್ಟರಲ್ಲಿ ಆಗುವ ಕೆಲಸ. ದೊಡ್ಡಮ್ಮನಿಗೆ ಹೆದರಿಕೆ ಬೇಡ, ನೀವೇ ಪಕ್ಕದಲ್ಲಿ ಕೂತು ತುಂಬಿಸಿ.

ಪ್ರಶ್ನೆ: ಅವಳು 30 ದಿನದ ಇ-ವೀಸಾದಲ್ಲಿ ಬರುತ್ತಾಳೆ. ಅಷ್ಟರಲ್ಲಿ ರಿಜಿಸ್ಟರ್ ಮದುವೆ ಮುಗಿಸಬಹುದಾ? ಪಾಸ್‌ಪೋರ್ಟ್ ಸಿಗುತ್ತಾ?

ಲೆಕ್ಕ ಹಾಕಿ. ವಿಶೇಷ ವಿವಾಹ ಕಾಯ್ದೆಯಲ್ಲಿ ಇಬ್ಬರಲ್ಲಿ ಒಬ್ಬರು ಆ ಜಿಲ್ಲೆಯಲ್ಲಿ 30 ದಿನ ವಾಸ ಇರಬೇಕು. ಅದು ನೀವೇ ಇದ್ದೀರಿ, ಸರಿ. ನೋಟಿಸ್ ಕೊಟ್ಟ ಮೇಲೆ ಮತ್ತೆ 30 ದಿನ ಕಾಯಬೇಕು. ಅಲ್ಲಿಗೆ ಅವಳ ವೀಸಾ ಮುಗಿಯುತ್ತದೆ. ಒಂದು ವರ್ಷದ ಇ-ವೀಸಾ ತೆಗೆಸಿ, ಅದರಲ್ಲಿ ಒಮ್ಮೆಗೆ 90 ದಿನ ಇರಬಹುದು. ಮದುವೆಯಾಗಿಲ್ಲ ಅನ್ನುವ ಪ್ರಮಾಣಪತ್ರವನ್ನು ಅವಳು ಅಲ್ಲಿಯೇ ಅಪೋಸ್ಟಿಲ್ (ಬೇರೆ ದೇಶದಲ್ಲೂ ನಡೆಯುವ ಸರ್ಕಾರಿ ದೃಢೀಕರಣ) ಮಾಡಿಸಿ ತರಲಿ. ಇಲ್ಲಿಗೆ ಬಂದ ಮೇಲೆ ಓಡಾಡಿದರೆ ಸುಸ್ತಾಗುತ್ತೀರಿ. ಪಾಸ್‌ಪೋರ್ಟ್ ತಕ್ಷಣ ಯಾರಿಗೂ ಸಿಗಲ್ಲ. ಅವಳು ಒಸಿಐಗೆ (ವಿದೇಶಿ ಪಾಸ್‌ಪೋರ್ಟ್ ಇಟ್ಟುಕೊಂಡೇ ಇಲ್ಲಿ ವೀಸಾ ಇಲ್ಲದೆ ಇರಲು ಬಿಡುವ ಕಾರ್ಡ್) ಅರ್ಜಿ ಹಾಕಲು ಮದುವೆ ರಿಜಿಸ್ಟರ್ ಆಗಿ 2 ವರ್ಷ ಆಗಬೇಕು. ನೀವು ಕೊಲಂಬಿಯಾ ಪೌರತ್ವ ತೆಗೆದುಕೊಂಡರೆ ಭಾರತದ್ದು ಹೋಗುತ್ತದೆ.

ಪ್ರಶ್ನೆ: ನಾವಿಬ್ಬರೂ ಗಂಡಸರು. ಆಹ್ವಾನ ಪತ್ರದಲ್ಲಿ ಸಂಬಂಧ ಬರೆಯಬಹುದಾ?

ಧೈರ್ಯವಾಗಿ ಬರೆಯಿರಿ. ಕೊಲಂಬಿಯಾದಲ್ಲಿ 2016ರಿಂದ ಸಲಿಂಗ ವಿವಾಹಕ್ಕೆ ಮಾನ್ಯತೆ ಇದೆ. ಇಲ್ಲಿ 2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಹಾಗಾಗಿ ಅಲ್ಲಿ ಮದುವೆಯಾದರೂ ಆ ಸರ್ಟಿಫಿಕೇಟ್ ಇಟ್ಟುಕೊಂಡು ಇಲ್ಲಿ ಸಂಗಾತಿಯ ಲೆಕ್ಕದಲ್ಲಿ ಒಸಿಐ ನಿರೀಕ್ಷಿಸಬೇಡಿ.

ಪ್ರಶ್ನೆ: ಇಬ್ಬರಿಗೂ ಮಧ್ಯದಲ್ಲಿ ಸಿಗೋಣ ಅಂತ ಲಂಡನ್ ಯೋಚಿಸಿದ್ದೇವೆ.

ಬೇಡ. 2024ರ ನವೆಂಬರ್‌ನಿಂದ ಕೊಲಂಬಿಯಾದವರಿಗೂ ಅಲ್ಲಿ ಮತ್ತೆ ವೀಸಾ ಬೇಕು. ಷೆಂಗೆನ್ ದೇಶಗಳಾದರೆ ಅವಳಿಗೆ ವೀಸಾ ಬೇಡ, ನಿಮಗೊಬ್ಬರಿಗೇ ಓಡಾಟ.

ಪ್ರಶ್ನೆ: ನೆನಪಿಗೆ ಕೋಕಾ ಎಲೆಯ ಟೀ ತರಬಹುದಾ? ಅಲ್ಲಿ ಅಂಗಡಿಯಲ್ಲೇ ಮಾರುತ್ತಾರೆ.

ಅಲ್ಲಿ ಮಾರಲಿ. ಕೋಕಾ ಎಲೆ ನಮ್ಮ ಮಾದಕ ವಸ್ತು ತಡೆ (ಎನ್‌ಡಿಪಿಎಸ್) ಕಾಯ್ದೆಯಲ್ಲಿ ಬರುತ್ತದೆ. ಕಾಫಿ ತನ್ನಿ.

ಪ್ರಶ್ನೆ: ಒಂಬತ್ತು ತಿಂಗಳಿಂದ ಮಾತಾಡುತ್ತಿದ್ದೇವೆ. ವಿಡಿಯೋ ಕಾಲ್‌ಗೆ ನೆಟ್‌ವರ್ಕ್ ಇಲ್ಲ ಅನ್ನುತ್ತಾಳೆ. ಈಗ ಟಿಕೆಟ್‌ಗೆ ದುಡ್ಡು ಕೇಳಿದ್ದಾಳೆ.

ದುಡ್ಡು ಕಳಿಸಬೇಡಿ. ಅವಳ ಹೆಸರಲ್ಲಿ ನೀವೇ ಟಿಕೆಟ್ ಬುಕ್ ಮಾಡುತ್ತೇನೆ, ಪಾಸ್‌ಪೋರ್ಟ್‌ನ ಮೊದಲ ಪುಟ ಕಳಿಸು ಅನ್ನಿ. ಅದಕ್ಕೂ ನೆಟ್‌ವರ್ಕ್ ಇಲ್ಲ ಅಂದರೆ ನನಗೆ ಇನ್ನೊಂದು ಪತ್ರ ಬರೆಯುವ ಅಗತ್ಯ ಇಲ್ಲ.