ಬೆರಳು ಮುಟ್ಟಿದಾಗ ಚಿತ್ರ ಏನು ಹೇಳಬೇಕು?

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ದೃಶ್ಯಕಲೆ ಓದುತ್ತಿರುವ ವಿದ್ಯಾರ್ಥಿನಿ. ಬಸವನಗುಡಿಯ ಕಡಲೆಕಾಯಿ ಪರಿಷೆಯನ್ನು ಕುರಿತು ಮೊಬೈಲಿನಲ್ಲಿ ಓದುವಂಥ, ಬೆರಳು ಮುಟ್ಟಿದರೆ ಸ್ಪಂದಿಸುವ ಸಂವಾದಾತ್ಮಕ (ಇಂಟರ್ಯಾಕ್ಟಿವ್) ಕಾಮಿಕ್ಸ್ ರಚಿಸುತ್ತಿದ್ದೇನೆ. ಮಾದರಿಗೆಂದು ‘ಫ್ಲಾರೆನ್ಸ್’ ಎಂಬ ಮೊಬೈಲ್ ಆಟ, ‘ದಿ ಬೋಟ್’ ಎಂಬ ಜಾಲತಾಣದ ಕಾಮಿಕ್ಸ್, ‘ಗೊರೊಗೋವಾ’ ಎಂಬ ಒಗಟಿನ ಆಟ ನೋಡಿದೆ. ಇವುಗಳ ಚಿತ್ರಶೈಲಿಯನ್ನೂ ಸಂವಾದಗುಣವನ್ನೂ ಹೇಗೆ ಹೋಲಿಸಬೇಕು? ಮುಟ್ಟಿದಲ್ಲೆಲ್ಲ ಏನಾದರೂ ಅಲುಗಾಡುವಂತೆ ಮಾಡಿದರೆ ಒಳ್ಳೆಯದೇ?

ಉತ್ತರ: ಚಿತ್ರಶೈಲಿಗೆ ಇಷ್ಟು ಅಂಕ, ಸಂವಾದಕ್ಕೆ ಇಷ್ಟು ಅಂಕ ಎಂದು ಬೇರೆ ಬೇರೆಯಾಗಿ ಅಳೆಯಲು ಹೊರಟರೆ ಈ ಕೃತಿಗಳ ಜೀವಾಳವೇ ಕೈತಪ್ಪುತ್ತದೆ. ಮುದ್ರಿತ ಕಾಮಿಕ್ಸಿನಲ್ಲಿ ಎರಡು ಚೌಕಟ್ಟುಗಳ ನಡುವಿನ ಖಾಲಿ ಜಾಗವನ್ನು ಓದುಗರ ಕಲ್ಪನೆ ತುಂಬುತ್ತದೆ. ಪರದೆಯ ಮೇಲೆ ಆ ಕೆಲಸದಲ್ಲಿ ಬೆರಳಿಗೂ ಒಂದು ಪಾಲು ಸಿಗುತ್ತದೆ. ಆದ್ದರಿಂದ ಬೆರಳು ಮಾಡುವ ಕೆಲಸಕ್ಕೂ ಕಥೆಯ ಆ ಗಳಿಗೆಗೂ ಸಂಬಂಧವಿದೆಯೇ, ಚಿತ್ರ ಬರೆದಿರುವ ಬಗೆ ಆ ಕೆಲಸಕ್ಕೆ ಎಡೆ ಮಾಡಿಕೊಡುತ್ತದೆಯೇ ಎಂಬುದನ್ನು ಒಟ್ಟಿಗೇ ನೋಡಬೇಕು.

ಮೆಲ್ಬರ್ನ್‌ನ ಮೌಂಟನ್ಸ್ ತಂಡ 2018ರಲ್ಲಿ ತಂದ ‘ಫ್ಲಾರೆನ್ಸ್’ನಲ್ಲಿ ನಾಯಕಿಯೂ ಅವಳ ಪ್ರಿಯಕರನೂ ಮಾತಾಡುವ ಮೊದಲ ಭೇಟಿಯ ದೃಶ್ಯವನ್ನು ಮತ್ತೊಮ್ಮೆ ಗಮನಿಸಿ. ನಾಯಕಿಯ ಮಾತಿನ ಗುಳ್ಳೆಯನ್ನು ನಾವು ಚೂರುಚೂರಾಗಿ ಜೋಡಿಸಬೇಕು. ಇಬ್ಬರ ನಡುವೆ ಸಲುಗೆ ಬೆಳೆದಂತೆ ಚೂರುಗಳು ಕಡಿಮೆಯಾಗುತ್ತ ಹೋಗಿ, ಮಾತು ಸಲೀಸಾಗುತ್ತದೆ. ಮುಂದೆ ಜಗಳವಾಡುವಾಗ ಅವೇ ಚೂರುಗಳಿಗೆ ಚೂಪಾದ ಅಂಚುಗಳು ಬರುತ್ತವೆ. ಗುಳ್ಳೆಯೊಳಗೆ ಒಂದು ಅಕ್ಷರವೂ ಇಲ್ಲದೆ ಸಂಕೋಚ, ಸಲುಗೆ, ಸಿಟ್ಟು ಮೂರೂ ನಮ್ಮ ಕೈಗೆ ತಿಳಿಯುತ್ತವೆ. ಅಲ್ಲಿನ ಸರಳ ರೇಖೆ, ಸಪಾಟಾದ ಬಣ್ಣಗಳನ್ನು ಬರಿಯ ಅಲಂಕಾರವೆಂದು ಭಾವಿಸಬೇಡಿ. ಏನನ್ನು ಮುಟ್ಟಬೇಕು ಎಂಬುದು ಒಂದೇ ನೋಟಕ್ಕೆ ತಿಳಿಯುವುದು ಅವುಗಳಿಂದಲೇ.

ಆಸ್ಟ್ರೇಲಿಯಾದ ಪ್ರಸಾರ ಸಂಸ್ಥೆ ಎಸ್‌ಬಿಎಸ್ 2015ರಲ್ಲಿ ಪ್ರಕಟಿಸಿದ ‘ದಿ ಬೋಟ್’ನ ದಾರಿಯೇ ಬೇರೆ. ವಿಯೆಟ್ನಾಂ ಯುದ್ಧಾನಂತರ ದೋಣಿಯಲ್ಲಿ ಪಲಾಯನ ಮಾಡಿದವರ ಕಥೆಯನ್ನು ಮ್ಯಾಟ್ ಹುಯಿನ್ ಕುಂಚ ಮತ್ತು ಮಸಿಯಲ್ಲಿ ಚಿತ್ರಿಸಿದ್ದಾರೆ. ಓದುಗರಿಗೆ ಸ್ಕ್ರೋಲ್ ಮಾಡುವುದರ ಹೊರತು ಹೆಚ್ಚೇನೂ ಕೆಲಸವಿಲ್ಲ, ಆದರೆ ಬಿರುಗಾಳಿಯಲ್ಲಿ ಚಿತ್ರವೂ ಅಕ್ಷರವೂ ಓಲಾಡುತ್ತವೆ. ಇದು ಕೊರತೆಯಲ್ಲ. ದೋಣಿಯಲ್ಲಿರುವವರ ಕೈಯಲ್ಲಿ ಏನೂ ಇಲ್ಲದಿರುವಾಗ ಓದುಗರ ಕೈಗೆ ಹತ್ತು ಗುಂಡಿಗಳನ್ನು ಕೊಟ್ಟಿದ್ದರೆ ಅದು ಆ ಸಂಕಟಕ್ಕೆ ಬಗೆದ ಅಪಚಾರವಾಗುತ್ತಿತ್ತು ಎಂದೇ ನನ್ನ ಅಭಿಪ್ರಾಯ. ಜೇಸನ್ ರಾಬರ್ಟ್ಸ್ ಕೈಯಾರೆ ಬರೆದ ‘ಗೊರೊಗೋವಾ’ (2017) ನಾಲ್ಕು ಚೌಕಟ್ಟುಗಳ ಒಗಟು. ಒಂದು ಚಿತ್ರದ ಕಿಟಕಿ ಇನ್ನೊಂದರ ಬಾಗಿಲಾಗಬೇಕಾದ್ದರಿಂದ ಅದಕ್ಕೆ ಅಷ್ಟು ಕುಸುರಿ ಬೇಕೇ ಬೇಕು. ನಿಮ್ಮ ಕಥೆಗೆ ಅದು ಹೊಂದದು.

ಹೀಗಾಗಿ, ಮುಟ್ಟಿದಲ್ಲೆಲ್ಲ ಅಲುಗಾಡುವುದು ಬೇಡ. ರಾತ್ರಿ ಹೊಲಕ್ಕೆ ನುಗ್ಗಿ ಕಡಲೆಕಾಯಿ ಮೇಯುತ್ತಿದ್ದ ಬಸವನ ಐತಿಹ್ಯ ನಿಮ್ಮ ಕಥೆಯಲ್ಲಿದ್ದರೆ, ಆ ಭಾಗವನ್ನು ದಟ್ಟ ಮಸಿಯಲ್ಲಿ ಬರೆದು, ಬೆರಳಿಟ್ಟ ಕಡೆ ಮಾತ್ರ ಲಾಟೀನಿನ ಬೆಳಕು ಬೀಳುವಂತೆ ಮಾಡಿ. ಆಗ ಹೊಲ ಕಾಯುವ ರೈತನ ಹುಡುಕಾಟ ಓದುಗರದೂ ಆಗುತ್ತದೆ. ಇಂದಿನ ಪರಿಷೆಯ ಜನಜಂಗುಳಿಗೆ ತಿಳಿಬಣ್ಣಗಳೂ ನಿಧಾನವಾಗಿ ಸಾಗುವ ಸ್ಕ್ರೋಲೂ ಸಾಕು.

ಕನ್ನಡದಲ್ಲಿ ಬರೆಯುವವರು ಇನ್ನೊಂದು ಮಾತನ್ನು ಮರೆಯಬಾರದು. ನಮ್ಮ ಪದಗಳು ಪ್ರತ್ಯಯ ಸೇರಿ ಉದ್ದವಾಗುತ್ತವೆ, ಒತ್ತಕ್ಷರಗಳು ಸಾಲಿನ ಕೆಳಗಿಳಿಯುತ್ತವೆ; ಆದ್ದರಿಂದ ಅಗಲವಾದ ಗುಳ್ಳೆಯೂ ಸಾಲುಗಳ ನಡುವೆ ಧಾರಾಳ ಅಂತರವೂ ಬೇಕು. ಮಾತುಗಳನ್ನು ಚಿತ್ರದೊಳಗೆ ಅಚ್ಚೊತ್ತದೆ ಯೂನಿಕೋಡ್ ಪಠ್ಯವಾಗಿಯೇ ಇಟ್ಟರೆ ಕಣ್ಣು ಮಂಜಾದವರು ಅಕ್ಷರ ಹಿಗ್ಗಿಸಿ ಓದಬಹುದು, ಕಾಣದವರಿಗೆ ಸ್ಕ್ರೀನ್ ರೀಡರ್ ಓದಿ ಹೇಳಬಹುದು. ಗುಳ್ಳೆಯ ಆಕಾರವನ್ನು ಅಕ್ಷರ ಕೂರಿಸಿ ನೋಡಿದ ಮೇಲೆಯೇ ಅಂತಿಮಗೊಳಿಸಿ.